ಹಾರ್ಮೋನು ಯಾವಾಗ ಕೊಡಬೇಕು, ಯಾವಾಗ ತೆಗೆಯಬೇಕು

(ಉಡುಪಿಯಲ್ಲಿ ಕೃಷಿಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ನರ್ಸರಿಯಲ್ಲಿ ಟಿಶ್ಯೂ ಕಲ್ಚರ್ ಬಾಳೆ ಸಸಿ, ಅಂದರೆ ಗಿಡದ ಸಣ್ಣ ತುಂಡಿನಿಂದ ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿದ ಸಸಿ, ಕೊಳ್ಳುವಾಗ ನೀವು ಕೇಳುವ ಮೊದಲ ಪ್ರಶ್ನೆ ರೇಟು. ಎರಡನೆಯದು, ಎಷ್ಟು ತಿಂಗಳಿಗೆ ಗೊನೆ ಬರುತ್ತದೆ. ಮೂರನೆಯದನ್ನು ಸ್ವಲ್ಪ ಸ್ವರ ತಗ್ಗಿಸಿ ಕೇಳುತ್ತೀರಿ: "ಇದಕ್ಕೆ ಹಾರ್ಮೋನು ಹಾಕಿರ್ತಾರಂತೆ, ಹೌದಾ?" ಇವತ್ತು ನಾನು ಮಾತಾಡುವುದು ಆ ಮೂರನೆಯ ಪ್ರಶ್ನೆಯ ಬಗ್ಗೆ. ಹೌದು, ಹಾಕಿರುತ್ತಾರೆ. ಹಾಕದೆ ಆ ಸಸಿ ಆಗುವುದೇ ಇಲ್ಲ. ಆದರೆ ಏನು ಹಾಕುತ್ತಾರೆ, ಎಷ್ಟು ಹಾಕುತ್ತಾರೆ, ಅದಕ್ಕಿಂತ ಮುಖ್ಯವಾಗಿ ಅದನ್ನು ಯಾವಾಗ ತೆಗೆಯುತ್ತಾರೆ ಅನ್ನುವುದು ಗೊತ್ತಾದರೆ ನೀವು ಆ ಸಸಿಯನ್ನು ನೋಡುವ ರೀತಿಯೇ ಬದಲಾಗುತ್ತದೆ.

ಮೊದಲು ಒಂದು ಮಾತು. ಹಾರ್ಮೋನು ಗೊಬ್ಬರವಲ್ಲ. ಸಾರಜನಕ, ರಂಜಕ, ಪೊಟ್ಯಾಷ್, ಸಕ್ಕರೆ, ಇವು ಗಿಡಕ್ಕೆ ಆಹಾರ. ಹಾರ್ಮೋನಿನಲ್ಲಿ ಆಹಾರವೂ ಇಲ್ಲ, ಶಕ್ತಿಯೂ ಇಲ್ಲ. ಅದು ಜೀವಕೋಶಕ್ಕೆ ಸಿಗುವ ಸೂಚನೆ, ಅಷ್ಟೇ. ಈಗ ಎರಡಾಗು, ಈಗ ಬೇರು ಬಿಡು, ಈಗ ಚಿಗುರು ಅಂತ. ಈ ಸೂಚನೆಯನ್ನು ಗಿಡ ತಾನೇ ತಯಾರು ಮಾಡಿಕೊಳ್ಳುತ್ತದೆ. ಶಂಕರಪುರ ಮಲ್ಲಿಗೆ ಬೆಳೆಯುವವರು ಇಲ್ಲಿ ಇದ್ದೀರಿ ಅಲ್ವಾ? ಗೆಲ್ಲಿನ ತುದಿ ಕತ್ತರಿಸಿದರೆ ಕೆಳಗಿನ ಗೆಣ್ಣುಗಳಲ್ಲಿ ಸುಮ್ಮನೆ ಕೂತಿದ್ದ ಮೊಗ್ಗುಗಳು ಒಟ್ಟೊಟ್ಟಿಗೆ ಚಿಗುರುವುದನ್ನು ನೀವು ವರ್ಷವರ್ಷವೂ ನೋಡುತ್ತೀರಿ. ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕೆಳಗೆ ಇಳಿಯುತ್ತಿರುತ್ತದೆ. ಅದು ಇಳಿಯುತ್ತಿರುವಷ್ಟು ಕಾಲ ಕೆಳಗಿನ ಮೊಗ್ಗುಗಳು ಏಳುವುದಿಲ್ಲ. ತುದಿ ಹೋದಾಗ ಆಕ್ಸಿನ್ ಕಡಿಮೆಯಾಗುತ್ತದೆ, ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನಿನ ಕೈ ಮೇಲಾಗುತ್ತದೆ, ಮೊಗ್ಗು ಒಡೆಯುತ್ತದೆ. ಅದೇ ಮಲ್ಲಿಗೆಯ ಕಡ್ಡಿಯನ್ನು ಮಣ್ಣಿಗೆ ಊರಿದರೆ ಕತ್ತರಿಸಿದ ಬುಡಕ್ಕೆ ಆಕ್ಸಿನ್ ಇಳಿದು ಅಲ್ಲಿ ಬೇರು ಬರುತ್ತದೆ. ಅಂಗಡಿಯಲ್ಲಿ ಸಿಗುವ ಬೇರು ಬರಿಸುವ ಪುಡಿ ಇದೆಯಲ್ಲ, ಅದರಲ್ಲಿ ಇರುವುದು ಸಾಮಾನ್ಯವಾಗಿ ಐಬಿಎ. ಅದೂ ಆಕ್ಸಿನ್ ಜಾತಿಯದೇ.

ಅಂದರೆ ಪ್ರಯೋಗಾಲಯದಲ್ಲಿ ನಡೆಯುವ ಕೆಲಸಕ್ಕೆ ಬೇಕಾದ ಎರಡೂ ಪಾಠ ನಿಮ್ಮ ಮಲ್ಲಿಗೆ ತೋಟದಲ್ಲೇ ಇವೆ. ಆಕ್ಸಿನ್ ಜಾಸ್ತಿ ಇದ್ದಲ್ಲಿ ಬೇರು, ಸೈಟೋಕೈನಿನ್ ಜಾಸ್ತಿ ಇದ್ದಲ್ಲಿ ಚಿಗುರು.

ಇಷ್ಟು ಸರಳವಾಗಿ ಹೇಳಿದೆನಲ್ಲ, ಇದನ್ನು ಕಂಡುಕೊಳ್ಳಲು ಜಗತ್ತಿಗೆ ಅರ್ಧ ಶತಮಾನಕ್ಕಿಂತ ಹೆಚ್ಚು ಬೇಕಾಯಿತು. ಗಾಟ್‌ಲೀಬ್ ಹ್ಯಾಬರ್‌ಲಾಂಟ್ ಅಂತ ಒಬ್ಬ ಆಸ್ಟ್ರಿಯಾದ ಸಸ್ಯವಿಜ್ಞಾನಿ. 1902ರಲ್ಲಿ ಆತ ಒಂದು ದೊಡ್ಡ ಮಾತು ಹೇಳಿದ: ಎಲೆಯ ಒಂದೇ ಒಂದು ಜೀವಕೋಶವನ್ನು ಬೇರ್ಪಡಿಸಿ ಸರಿಯಾಗಿ ಸಾಕಿದರೆ ಅದರಿಂದ ಇಡೀ ಗಿಡ ಬರಬೇಕು. ಹೇಳಿ ಸುಮ್ಮನಾಗಲಿಲ್ಲ, ಮಾಡಿಯೂ ನೋಡಿದ. ಕೋಶಗಳು ವಾರಗಟ್ಟಲೆ ಬದುಕಿದವು, ದೊಡ್ಡದಾದವು, ಆದರೆ ಒಂದೂ ಒಡೆದು ಎರಡಾಗಲಿಲ್ಲ. ಯಾಕೆಂದರೆ ಎರಡಾಗು ಅಂತ ಹೇಳುವ ವಸ್ತು ಯಾವುದು ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಆತನ ವಿಚಾರ ಸರಿಯಾಗಿತ್ತು, ಕಾಲ ಬಂದಿರಲಿಲ್ಲ.

1928ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿಯಿಂದ ಇಳಿದು ಬರುವ ಬೆಳವಣಿಗೆಯ ವಸ್ತು ಇದೆ ಎಂದು ತೋರಿಸಿದ. ಅದೇ ಆಕ್ಸಿನ್. ಅದು ಕೈಗೆ ಸಿಕ್ಕ ಮೇಲೆ 1939ರಲ್ಲಿ ಫ್ರಾನ್ಸಿನಲ್ಲಿ ಇಬ್ಬರು ಕ್ಯಾರೆಟ್ಟಿನಲ್ಲಿ, ಅಮೆರಿಕದಲ್ಲಿ ಒಬ್ಬರು ತಂಬಾಕಿನಲ್ಲಿ, ತುಂಡನ್ನು ಬಾಟಲಿಯಲ್ಲಿ ನಿರಂತರವಾಗಿ ಬೆಳೆಸಿ ತೋರಿಸಿದರು. ಬೆಳೆದದ್ದು ಗಿಡವಲ್ಲ, ರೂಪವಿಲ್ಲದ ಮುದ್ದೆ. ಬೇರಿಲ್ಲ, ಎಲೆಯಿಲ್ಲ. ಅದಕ್ಕೆ ಕ್ಯಾಲಸ್ ಅಂತಾರೆ. ಮುದ್ದೆ ಬೆಳೆಯುತ್ತದೆ, ಆದರೆ ಅದನ್ನು ಮತ್ತೆ ಗಿಡ ಮಾಡುವುದು ಹೇಗೆ?

ಇಲ್ಲಿ ಬರುತ್ತದೆ ನೋಡಿ ನಮ್ಮ ಬೊಂಡ, ಅಂದರೆ ಎಳನೀರಿನ ಕಾಯಿ. 1941ರಲ್ಲಿ ಫಾನ್ ಓವರ್‌ಬೀಕ್ ಎಂಬ ವಿಜ್ಞಾನಿ ದತ್ತೂರದ ತೀರಾ ಎಳೆಯ ಭ್ರೂಣಗಳನ್ನು ಬೀಜದಿಂದ ಹೊರತೆಗೆದು ಬೆಳೆಸಲು ಒದ್ದಾಡುತ್ತಿದ್ದರು. ಯಾವುದಕ್ಕೂ ಅವು ಬಗ್ಗಲಿಲ್ಲ. ಕೊನೆಗೆ ತೆಂಗಿನಕಾಯಿಯ ನೀರು ಸೇರಿಸಿದರು. ಭ್ರೂಣ ಬೆಳೆಯಿತು. ಬೊಂಡದ ನೀರು ಅಂದರೆ ತೆಂಗು ತನ್ನ ಮೊಳಕೆಗೆ ಅಂತ ಕೂಡಿಟ್ಟ ದ್ರವ, ಅದರಲ್ಲಿ ಸಕ್ಕರೆ ಮತ್ತು ಲವಣದ ಜೊತೆ ಕೋಶ ಒಡೆಯಿಸುವ ಸೈಟೋಕೈನಿನ್‌ಗಳೂ ಇವೆ ಅನ್ನುವುದು ನಂತರ ತಿಳಿಯಿತು. ಈಗಲೂ ಆರ್ಕಿಡ್ ಬೆಳೆಸುವ ಎಷ್ಟೋ ಪ್ರಯೋಗಾಲಯಗಳಲ್ಲಿ ಒಂದು ಲೀಟರಿಗೆ 100ರಿಂದ 150 ಮಿಲಿಲೀಟರ್ ಬೊಂಡದ ನೀರು ಸೇರಿಸುತ್ತಾರೆ.

ಬೊಂಡದ ನೀರಿನ ತೊಂದರೆ ಏನೆಂದರೆ ಒಂದು ಮರದ್ದು ಇನ್ನೊಂದರಂತೆ ಇರುವುದಿಲ್ಲ. ಒಳಗೆ ಕೆಲಸ ಮಾಡುವ ವಸ್ತು ಯಾವುದು ಅಂತ ಗೊತ್ತಾಗಬೇಕಿತ್ತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಕ್ ಸ್ಕೂಗ್ ಅವರ ಪ್ರಯೋಗಾಲಯ. ಅಲ್ಲಿ ಕಾರ್ಲೋಸ್ ಮಿಲ್ಲರ್ ತಂಬಾಕಿನ ದಂಟಿನ ತಿರುಳನ್ನು ಒಡೆಯಿಸುವ ವಸ್ತುವನ್ನು ಹುಡುಕುತ್ತಿದ್ದರು. ಸಿಕ್ಕಿದ್ದೆಲ್ಲಿ ಗೊತ್ತಾ? ಶೆಲ್ಫಿನಲ್ಲಿ ಹಳೆಯದಾಗಿ ಬಿದ್ದಿದ್ದ ಒಂದು ಬಾಟಲಿಯಲ್ಲಿ. ಅದರಲ್ಲಿದ್ದದ್ದು ಹೆರಿಂಗ್ ಮೀನಿನ ವೀರ್ಯದಿಂದ ತೆಗೆದ ಡಿಎನ್‌ಎ. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ಕುಟುಂಬದ ಮೀನು. ಆ ಹಳೆಯ ಡಿಎನ್‌ಎ ಹಾಕಿದಾಗ ತಿರುಳಿನ ಕೋಶಗಳು ಒಡೆದವು. ಖುಷಿಯಿಂದ ಹೊಸ ಬಾಟಲಿ ತರಿಸಿದರು. ಹೊಸದರಲ್ಲಿ ಏನೂ ಆಗಲಿಲ್ಲ. ಆಮೇಲೆ ಹೊಸ ಡಿಎನ್‌ಎಯನ್ನು ಆಟೋಕ್ಲೇವಿನಲ್ಲಿ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ ಹಾಕಿ ನೋಡಿದರು. ಕೆಲಸ ಮಾಡಿತು! ಡಿಎನ್‌ಎ ಹಳತಾದಾಗ ಅಥವಾ ಬೆಂದಾಗ ಮುರಿದು ಹುಟ್ಟುವ ಒಂದು ತುಣುಕು ಅದು. 1955ರಲ್ಲಿ ಅದನ್ನು ಬೇರ್ಪಡಿಸಿ ಕೈನೆಟಿನ್ ಅಂತ ಹೆಸರಿಟ್ಟರು. ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಒಂದು ಸಲ ಬಂದ ಫಲಿತಾಂಶ ಎರಡನೇ ಸಲ ಬರದಿದ್ದಾಗ ಅದನ್ನು ಬದಿಗೆ ತಳ್ಳಬೇಡಿ. ಮಿಲ್ಲರ್ ತಳ್ಳಿದ್ದರೆ ನಿಮ್ಮ ನರ್ಸರಿಯ ಬಾಳೆ ಸಸಿ ಇನ್ನೂ ಎಷ್ಟು ವರ್ಷ ತಡವಾಗುತ್ತಿತ್ತೋ.

1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಇಡೀ ಟಿಶ್ಯೂ ಕಲ್ಚರಿನ ಬುಡ ಅನ್ನಬಹುದಾದ ಪ್ರಯೋಗ ಪ್ರಕಟಿಸಿದರು. ಒಂದೇ ತಂಬಾಕಿನ ತಿರುಳು, ಒಂದೇ ಆಹಾರ, ಬದಲಿಸಿದ್ದು ಆಕ್ಸಿನ್ ಮತ್ತು ಕೈನೆಟಿನ್‌ನ ಪ್ರಮಾಣ ಮಾತ್ರ. ಆಕ್ಸಿನ್ ಕೈ ಮೇಲಾದ ಬಾಟಲಿಯಲ್ಲಿ ಬೇರು. ಕೈನೆಟಿನ್ ಕೈ ಮೇಲಾದಲ್ಲಿ ಚಿಗುರು. ಎರಡೂ ನಡುಮಟ್ಟದಲ್ಲಿ ಇದ್ದಲ್ಲಿ ಬರೀ ಕ್ಯಾಲಸ್. ಹೆಚ್ಚು ಹಾಕಿದರೆ ಹೆಚ್ಚು ಬೆಳೆ ಅನ್ನುವ ಗೊಬ್ಬರದ ಲೆಕ್ಕ ಇಲ್ಲಿ ನಡೆಯುವುದೇ ಇಲ್ಲ. ಒಂದಕ್ಕೆ ಇನ್ನೊಂದು ಎಷ್ಟು ಅನ್ನುವುದೇ ಲೆಕ್ಕ. 1962ರಲ್ಲಿ ತೊಷಿಯೊ ಮುರಾಶಿಗೆ ಎಂಬ ವಿಜ್ಞಾನಿ ಮತ್ತು ಸ್ಕೂಗ್ ಸೇರಿ ಲವಣಗಳ ಒಂದು ಪಟ್ಟಿ ಪ್ರಕಟಿಸಿದರು. ಎಂಎಸ್ ಮೀಡಿಯಾ, ಅಂದರೆ ಬಾಟಲಿಯೊಳಗಿನ ಆಹಾರ, ಅಂತ ಇವತ್ತಿಗೂ ಪ್ರಪಂಚದಾದ್ಯಂತ ಬಳಸುವುದು ಅದನ್ನೇ. ಅದಕ್ಕೆ ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿ ಮಾಡಲು 7–8 ಗ್ರಾಂ ಅಗರ್, ಪಿಎಚ್ 5.8, ಆಮೇಲೆ 121 ಡಿಗ್ರಿಯಲ್ಲಿ ಹಬೆ. ಪಾಕ ಅಷ್ಟೇ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಪ್ರಮಾಣ ಮುಖ್ಯ, ಸರಿ. ಅದಕ್ಕಿಂತ ಮುಖ್ಯ ತೆಗೆಯುವುದು.

ಭತ್ತವನ್ನೇ ತೆಗೆದುಕೊಳ್ಳಿ. ಭತ್ತದ ಗದ್ದೆಯಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ ನಿಮಗೆಲ್ಲ ಗೊತ್ತು. ಅದು ಕೂಡ ಆಕ್ಸಿನ್ ಜಾತಿಯದು ಅಂದರೆ ನಂಬುತ್ತೀರಾ? ಸ್ಪ್ರೇ ಟ್ಯಾಂಕಿನಲ್ಲಿ ಗ್ರಾಂ ಲೆಕ್ಕದಲ್ಲಿ ಹೋದಾಗ ಅದು ಕಳೆಯ ಬೆಳವಣಿಗೆಯನ್ನು ಹುಚ್ಚುಗಟ್ಟಿಸಿ ಕೊಲ್ಲುತ್ತದೆ. ಪ್ರಯೋಗಾಲಯದಲ್ಲಿ ಅದನ್ನೇ ಲೀಟರಿಗೆ 2 ಮಿಲಿಗ್ರಾಂ ಹಾಕುತ್ತಾರೆ. ಭತ್ತದ ಹೊಟ್ಟನ್ನು ಕೈಯಲ್ಲಿ ಬಿಡಿಸಿ, ಮೊಳಕೆಯ ಕಣ್ಣು ಉಳಿದ ಅಕ್ಕಿಯನ್ನು ಶುಚಿ ಮಾಡಿ ಮೀಡಿಯಾದ ಮೇಲೆ ಇಡುತ್ತಾರೆ. ಅಂಗಡಿಯ ಅಕ್ಕಿ ಆಗುವುದಿಲ್ಲ. ಪಾಲಿಶ್ ಮಾಡಿದ ಬೆಳ್ತಿಗೆಯಲ್ಲಿ ಕಣ್ಣೇ ಹೋಗಿರುತ್ತದೆ, ಕುಚ್ಚಲಕ್ಕಿ ಬೆಂದು ಸತ್ತಿರುತ್ತದೆ. ಕತ್ತಲಲ್ಲಿ ಎರಡು ಮೂರು ವಾರ ಇಟ್ಟರೆ ಕಣ್ಣಿನ ಜಾಗದಲ್ಲಿ ತಿಳಿ ಹಳದಿಯ ಮುದ್ದೆ ಏಳುತ್ತದೆ. ಇದನ್ನು ಹತ್ತಿರದಿಂದ ನೋಡಬೇಕು. ಒಳ್ಳೆಯ ಮುದ್ದೆ ಒಣಒಣಗಿ, ರವೆ ರವೆಯಾಗಿ, ಚಿಮುಟಕ್ಕೆ ಸಿಕ್ಕಿದರೆ ಕಾಳುಕಾಳಾಗಿ ಬಿಡುತ್ತದೆ. ನೀರುನೀರಾಗಿ, ಲೋಳೆಯಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಅದರಿಂದ ಗಿಡ ಬರುವ ಆಸೆ ಕಡಿಮೆ.

ಈ ಒಳ್ಳೆಯ ಮುದ್ದೆಯನ್ನು 2,4-ಡಿ ಇರುವ ಬಾಟಲಿಯಲ್ಲೇ ಬಿಟ್ಟರೆ ಏನಾಗುತ್ತದೆ? ಮುದ್ದೆ ಮುದ್ದೆಯಾಗಿಯೇ ಬೆಳೆಯುತ್ತಿರುತ್ತದೆ. ತಿಂಗಳಾದರೂ ಎಲೆ ಬರುವುದಿಲ್ಲ. ಅಲ್ಲಿಂದ ತೆಗೆದು, 2,4-ಡಿ ಇಲ್ಲದ, ಸೈಟೋಕೈನಿನ್ ಜಾಸ್ತಿ ಇರುವ ಮೀಡಿಯಾಕ್ಕೆ ಹಾಕಿ ಬೆಳಕಿಗೆ ಇಟ್ಟಾಗ ಹಳದಿ ಮುದ್ದೆಯ ಮೇಲೆ ಅಲ್ಲಲ್ಲಿ ಸಾಸಿವೆಗಿಂತ ಚಿಕ್ಕ ಹಸಿರು ಚುಕ್ಕಿ ಕಾಣಿಸುತ್ತದೆ. ಆ ಚುಕ್ಕಿಯಿಂದ ಚಿಗುರು. ಮಕ್ಕಳಿಗೆ ಸೈಕಲ್ ಕಲಿಸುವಾಗ ಹಿಂದಿನಿಂದ ಸೀಟು ಹಿಡಿದು ಓಡುತ್ತೇವಲ್ಲ, ಹಿಡಿಯದಿದ್ದರೆ ಬೀಳುತ್ತಾರೆ, ಬಿಡದಿದ್ದರೆ ಕಲಿಯುವುದಿಲ್ಲ. ಇಲ್ಲಿ ನಡೆಯುವುದೂ ಅದೇ.

1958ರಲ್ಲಿ ಎಫ್‌. ಸಿ. ಸ್ಟೀವರ್ಡ್ ಅವರ ತಂಡ ಕ್ಯಾರೆಟ್ಟಿನ ಬೇರಿನ ಕೋಶಗಳಿಂದ ಇಡೀ ಗಿಡ ಪಡೆದಾಗ ಹ್ಯಾಬರ್‌ಲಾಂಟ್‌ನ ಮಾತು ನಿಜವಾಯಿತು. ಅಲ್ಲಿಯೂ ಬೊಂಡದ ನೀರೇ ಇತ್ತು. ಆ ಕೋಶಗಳು ಬೀಜದ ಭ್ರೂಣದ ಹಾಗೆಯೇ ರೂಪ ತಾಳಿದವು, ಒಂದು ತುದಿಯಲ್ಲಿ ಬೇರು, ಇನ್ನೊಂದರಲ್ಲಿ ಚಿಗುರು. ಬೀಜವಿಲ್ಲದೆ ಹುಟ್ಟಿದ ಭ್ರೂಣ. ನಮ್ಮ ಅಡಿಕೆಗೆ ಬೇಕಾಗಿರುವುದು ಇದೇ ದಾರಿ, ಅದಕ್ಕೆ ಆಮೇಲೆ ಬರುತ್ತೇನೆ. ನಮ್ಮ ದೇಶದ ಕೆಲಸವನ್ನೂ ಹೇಳಲೇಬೇಕು. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಎಸ್‌. ಸಿ. ಮಹೇಶ್ವರಿ ದತ್ತೂರದ ಹೂವಿನ ಪರಾಗಕೋಶದಿಂದ, ಅಂದರೆ ಗಂಡಿನ ಭಾಗದಿಂದ ಮಾತ್ರ, ಭ್ರೂಣಗಳನ್ನು ಪಡೆದರು. ಆ ಭ್ರೂಣದಿಂದ ಇಡೀ ಗಿಡ ಬರುತ್ತದೆ. ಅಂಥ ಗಿಡದಲ್ಲಿ ಅರ್ಧ ಕ್ರೋಮೋಸೋಮು. ಅದನ್ನು ದುಪ್ಪಟ್ಟು ಮಾಡಿದರೆ ಎಂಟು ಹತ್ತು ತಲೆಮಾರು ಕಾಯದೆ ಶುದ್ಧ ತಳಿ ಸಿಗುತ್ತದೆ. ಪ್ರಪಂಚದ ಎಷ್ಟೋ ಭತ್ತ, ಗೋಧಿ ತಳಿಗಳ ಕೆಲಸ ಈ ದಾರಿಯಿಂದ ಬೇಗ ಆಗಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಇನ್ನೂ ಜಾಸ್ತಿ ಜಾಗ ಸಿಗಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಎಲ್ಲ ಬೆಳೆಯೂ, ಎಲ್ಲ ತಳಿಯೂ ಒಂದೇ ಹಾರ್ಮೋನಿಗೆ ಒಂದೇ ರೀತಿ ಒಲಿಯುವುದಿಲ್ಲ. ತಂಬಾಕು, ಬದನೆ ಬೇಗ ಒಲಿಯುತ್ತವೆ. ಜಪಾನಿನ ಕಡೆಯ ಭತ್ತದ ತಳಿಗಳು ಸುಲಭ, ನಮ್ಮ ಎಂಓ4 ಥರದ ಇಂಡಿಕಾ ತಳಿಗಳು ಕಷ್ಟ. ಪುತ್ತೂರಿನ ಗೇರು ಕಸಿ ಗಿಡಗಳನ್ನು ನೀವು ಕೊಂಡಿದ್ದೀರಿ, ಟಿಶ್ಯೂ ಕಲ್ಚರ್ ಗೇರು ಯಾಕಿಲ್ಲ ಅಂತ ಕೇಳಬಹುದು. ದೊಡ್ಡ ಗೇರು ಮರದ ತುಂಡನ್ನು ಕತ್ತರಿಸಿ ಬಾಟಲಿಗೆ ಹಾಕಿದರೆ ಅದರ ಸೊನೆಯ ಫಿನಾಲ್‌ಗಳು ಹೊರಬಂದು ಮೀಡಿಯಾವನ್ನೇ ಕಪ್ಪು ಮಾಡಿ ತುಂಡು ಸಾಯುತ್ತದೆ. ಕಾಳುಮೆಣಸಿನಲ್ಲೂ ಇದೇ ಕಾಟ, ಜೊತೆಗೆ ಬಳ್ಳಿಯ ಒಳಗೇ ಇರುವ ಬ್ಯಾಕ್ಟೀರಿಯಾ ಹೊರಗಿನಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಗೇರಿಗೆ ಕಸಿ ಚೆನ್ನಾಗಿ ನಡೆಯುತ್ತದೆ. ನಡೆಯುವ ದಾರಿ ಇರುವಾಗ ಬಾಟಲಿಗೆ ಹೋಗುವ ಅಗತ್ಯವೂ ಇಲ್ಲ.

ಈಗ ಬಾಳೆ. ಬಾಳೆಯ ಒಳ್ಳೆಯ ಕಂದನ್ನು, ಅಂದರೆ ಬುಡದಲ್ಲಿ ಏಳುವ ಮರಿಯನ್ನು, ಅಗೆದು ತಂದು, ಸುತ್ತಲಿನ ಪೊರೆ ಒಂದೊಂದಾಗಿ ಬಿಡಿಸುತ್ತಾ ಹೋದರೆ ನಡುವೆ ಬೆಳವಣಿಗೆಯ ತುದಿ ಸಿಗುತ್ತದೆ. ಬಿಳಿ, ಮಿದು, ಒಂದು ಸೆಂಟಿಮೀಟರಿನಷ್ಟು. ಅದನ್ನು ಶುಚಿ ಮಾಡಿ, ಲೀಟರಿಗೆ ಸುಮಾರು 3–5 ಮಿಲಿಗ್ರಾಂ ಬಿಎಪಿ, ಅಂದರೆ ಒಂದು ಸೈಟೋಕೈನಿನ್, ಇರುವ ಮೀಡಿಯಾಕ್ಕೆ ಇಡುತ್ತಾರೆ. ತುದಿಯ ಅಧಿಕಾರ ಮುರಿಯಲು ಕೆಲವೊಮ್ಮೆ ನಡುವೆ ಸೀಳುತ್ತಾರೆ. ಬದಿಯಿಂದ ಸಣ್ಣ ಸಣ್ಣ ಚಿಗುರುಗಳು ಗುಂಪಾಗಿ ಏಳುತ್ತವೆ. ಮೂರು ನಾಲ್ಕು ವಾರಕ್ಕೊಮ್ಮೆ ಬಿಡಿಸಿ ಹೊಸ ಬಾಟಲಿಗೆ, ಇದಕ್ಕೆ ಸಬ್‌ಕಲ್ಚರ್ ಅಂತಾರೆ. ಗಮನಿಸಿ, ಇಲ್ಲಿ ಕ್ಯಾಲಸ್ ಮಾಡುವುದಿಲ್ಲ. ಚಿಗುರಿನಿಂದ ನೇರ ಚಿಗುರು. ಕ್ಯಾಲಸ್ ದಾರಿಯಲ್ಲಿ ಹೋದಷ್ಟು ತಳಿ ಕೆಡುವ ಸಾಧ್ಯತೆ ಜಾಸ್ತಿ, ಅದಕ್ಕೇ ಈ ಎಚ್ಚರ.

ಒಂದು ಸಲಕ್ಕೆ ಒಂದು ಚಿಗುರು ಮೂರಾಗುತ್ತದೆ ಅಂದುಕೊಳ್ಳಿ. ಎಂಟು ಸಲ ಬಿಡಿಸಿದರೆ 6,561. ಹತ್ತು ಸಲ ಮಾಡಿದರೆ 59,049. ಆಸೆ ಹುಟ್ಟಿಸುವ ಲೆಕ್ಕ ಅಲ್ವಾ? ಇಲ್ಲೇ ಅಪಾಯ ಇರುವುದು. ಸೈಟೋಕೈನಿನ್ ಮೇಲೆ ತುಂಬಾ ಕಾಲ ಇಟ್ಟಷ್ಟು ಕೋಶಗಳಲ್ಲಿ ವ್ಯತ್ಯಾಸ ಸೇರಿಕೊಳ್ಳುತ್ತದೆ. 1981ರಲ್ಲಿ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಇದಕ್ಕೆ ಸೋಮಾಕ್ಲೋನಲ್ ವೇರಿಯೇಷನ್ ಅಂತ ಹೆಸರು ಕೊಟ್ಟರು. ಕ್ಯಾವೆಂಡಿಷ್ ಗುಂಪಿನ ಬಾಳೆಯಲ್ಲಿ, ನಿಮ್ಮ ಜಿ9 ಅದೇ ಗುಂಪು, ಹೆಚ್ಚಾಗಿ ಕಾಣುವ ವ್ಯತ್ಯಾಸ ಕುಳ್ಳು ಗಿಡ. ಅದಕ್ಕೇ ಒಳ್ಳೆಯ ಪ್ರಯೋಗಾಲಯಗಳು ಎಂಟು ಸಲದ ಸುಮಾರಿಗೆ ನಿಲ್ಲಿಸಿ ಹೊಸ ಕಂದು ತರುತ್ತವೆ. ನಿಲ್ಲಿಸದವರ ಸಸಿಯೂ ಬಾಟಲಿಯಲ್ಲಿ ಅಷ್ಟೇ ಹಸಿರಾಗಿರುತ್ತದೆ, ನಿಮಗೆ ಗೊತ್ತಾಗುವುದು ತೋಟದಲ್ಲಿ. ಹಾಗಾಗಿ ಕೊಳ್ಳುವಾಗ ರೇಟಿನ ಜೊತೆಗೆ "ಎಷ್ಟನೇ ಸಬ್‌ಕಲ್ಚರ್?" ಅಂತಲೂ ಕೇಳಿ. ಮತ್ತೆ ಪಾಲಿಥೀನ್ ಚೀಲದ ಸಸಿಗಳ ಸಾಲಿನಲ್ಲಿ ಕುಳ್ಳಾಗಿ ಎಲೆ ಒತ್ತೊತ್ತಾಗಿ ಬಂದಿರುವುದು, ಎಲೆಯ ಮೇಲೆ ಬಿಳಿ ಪಟ್ಟೆ ಬಿದ್ದಿರುವುದು, ಎಲೆ ಸೊಟ್ಟಗೆ ಸೀಳಿದ ಹಾಗಿರುವುದು ಇದ್ದರೆ ಬೇಡ ಅನ್ನಿ.

ಇನ್ನೊಂದು ತಪ್ಪು ಕಲ್ಪನೆ ತುಂಬಾ ಇದೆ. ಟಿಶ್ಯೂ ಬಾಳೆಗೆ ರೋಗ ಬರುವುದಿಲ್ಲ ಅಂತ. ಬರುತ್ತದೆ ಮಾರಾಯ್ರೆ. ಬಂಚಿ ಟಾಪ್ ಗೊತ್ತಲ್ಲ, ಎಲೆಗಳು ಕಿರಿದಾಗಿ ನೆಟ್ಟಗೆ ನಿಂತು ತಲೆಯಲ್ಲಿ ಗೊಂಚಲಾಗುತ್ತವೆ, ಎಲೆದಂಟಿನ ಮೇಲೆ ಕಡು ಹಸಿರಿನ ಚುಕ್ಕಿ-ಗೆರೆ ಸಾಲು ಇರುತ್ತದೆ. ಅದು ವೈರಸ್, ಬಾಳೆಯ ಸಸ್ಯಹೇನು ಹರಡುತ್ತದೆ, ಮತ್ತೆ ಕಂದಿನ ಜೊತೆ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತದೆ. ತಾಯಿ ಗಿಡವನ್ನು ವೈರಸ್ ಪರೀಕ್ಷೆ ಮಾಡಿ ಆರಿಸಿದ್ದರೆ ಮಾತ್ರ ಅದರಿಂದ ಬಂದ ಸಾವಿರಾರು ಸಸಿ ಶುದ್ಧ. ಪರೀಕ್ಷೆ ಮಾಡದೆ ರೋಗದ ತಾಯಿಯನ್ನು ಬಾಟಲಿಗೆ ಹಾಕಿದರೆ ರೋಗವೂ ಸಾವಿರಪಾಲು. ಶುದ್ಧ ಸಸಿಗೂ ತೋಟಕ್ಕೆ ಹೋದ ಮೇಲೆ ಪಕ್ಕದ ರೋಗದ ಬುಡದಿಂದ ಹೇನು ಬಂದರೆ ರೋಗ ಬಂದೇ ಬರುತ್ತದೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಟಿಶ್ಯೂ ಕಲ್ಚರ್ ಸಸಿಗಳಿಗೆ ಪ್ರಮಾಣಪತ್ರದ ವ್ಯವಸ್ಥೆ ನಡೆಸುತ್ತಿದೆ. ವೈರಸ್ ಪರೀಕ್ಷೆ, ತಳಿಯ ಪರೀಕ್ಷೆ ಎರಡೂ ಅದರಲ್ಲಿ ಬರುತ್ತವೆ. ಬಿಲ್ಲು ಕೇಳುವ ಹಾಗೆ ಆ ಲೇಬಲ್ಲನ್ನೂ ಕೇಳಿ ತೆಗೆದುಕೊಳ್ಳಿ. ನನ್ನ ಪ್ರಕಾರ ಟಿಶ್ಯೂ ಸಸಿಗೆ ಹೆಚ್ಚು ದುಡ್ಡು ಕೊಡಲು ದೊಡ್ಡ ಕಾರಣ ವೈರಸ್ ಇಲ್ಲದಿರುವುದು. ಒಂದೇ ಸಲಕ್ಕೆ ಗೊನೆ ಬರುವುದು ಅನುಕೂಲ, ಆದರೆ ಅದು ಎರಡನೆಯದು.

ಕೊನೆಯ ಹಂತದಲ್ಲಿ ಬಿಎಪಿ ತೆಗೆಯುತ್ತಾರೆ. ಚಿಗುರುಗಳನ್ನು ಒಂದೊಂದಾಗಿ ಬಿಡಿಸಿ ಸ್ವಲ್ಪ ಆಕ್ಸಿನ್ ಇರುವ ಬೇರಿನ ಮೀಡಿಯಾಕ್ಕೆ ಹಾಕುತ್ತಾರೆ, ಇದ್ದಿಲ ಪುಡಿ ಸೇರಿಸುವುದೂ ಉಂಟು. ಬೇರು ಬಂದ ಮೇಲೆ ಹೊರಗೆ. ಬಾಟಲಿಯ ಗಿಡದ ಎಲೆಯನ್ನು ಬೆರಳಿನಲ್ಲಿ ಹಿಡಿದು ನೋಡಿ, ತೆಳ್ಳಗೆ, ಮೇಲೆ ಮೇಣದ ಪದರವೇ ಇಲ್ಲ ಅನ್ನುವಷ್ಟು. ಎಲೆಯ ಉಸಿರಾಟದ ರಂಧ್ರಗಳಿಗೆ ಮುಚ್ಚಿಕೊಳ್ಳುವುದು ಸರಿಯಾಗಿ ಗೊತ್ತಿರುವುದಿಲ್ಲ. ನೇರವಾಗಿ ಏಪ್ರಿಲ್ ಬಿಸಿಲಿಗೆ ಇಟ್ಟರೆ ಗಂಟೆಯೊಳಗೆ ಬಾಡುತ್ತದೆ. ಅದಕ್ಕೇ ಅಗರನ್ನು ಪೂರ್ತಿ ತೊಳೆದು, ಯಾಕೆಂದರೆ ಉಳಿದ ಸಕ್ಕರೆಗೆ ಬೂಷ್ಟು ಹತ್ತುತ್ತದೆ, ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು ತೇವದ ಪಾಲಿಹೌಸಿನಲ್ಲಿ ನಾಲ್ಕರಿಂದ ಆರು ವಾರ, ಆಮೇಲೆ ನೆರಳು ಬಲೆಯಡಿ ಚೀಲದಲ್ಲಿ ಇನ್ನೂ ಅಷ್ಟೇ ವಾರ. ಎರಡನೇ ಹಂತ ದಾಟದ ಸಸಿಯನ್ನು ಕಡಿಮೆ ರೇಟಿಗೆ ಸಿಗುತ್ತದೆ ಅಂತ ತಂದು ಗದ್ದೆಗೆ ನೆಡಬೇಡಿ. ನಮ್ಮ ಊರಿನಲ್ಲಿ ಆಟಿಯ ಮಳೆ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆ, ಒಂದು ವಿಷಯ. ಕಂದಿಗೆ ದೊಡ್ಡ ಗೆಡ್ಡೆಯ ಆಸರೆ ಇರುತ್ತದೆ, ಸಸಿಗೆ ಇಲ್ಲ. ನೀರು ನಿಲ್ಲುವ ಬೈಲಿನಲ್ಲಿ ಸಸಿ ಕೊಳೆಯುತ್ತದೆ. ಜಡಿಮಳೆ ಕಳೆದ ಮೇಲೆ ನೆಡುವುದು ಒಳ್ಳೆಯದು.

ಅಷ್ಟಾದ ಮೇಲೆ ಹಣ್ಣಿನಲ್ಲಿ ಹಾರ್ಮೋನು ಉಳಿದಿರುತ್ತದಾ? ಲೆಕ್ಕ ಹಾಕೋಣ. ಒಂದು ಬಾಟಲಿಯಲ್ಲಿ ಸುಮಾರು 40 ಮಿಲಿಲೀಟರ್ ಮೀಡಿಯಾ. ಲೀಟರಿಗೆ 5 ಮಿಲಿಗ್ರಾಂ ಅಂದರೂ ಬಾಟಲಿಗೆ 0.2 ಮಿಲಿಗ್ರಾಂ, ಅದೂ ಹಲವು ಚಿಗುರುಗಳಿಗೆ ಹಂಚಿಹೋಗುತ್ತದೆ. ಅಲ್ಲಿಂದ ಬೇರಿನ ಬಾಟಲಿ, ಪಾಲಿಹೌಸು, ಚೀಲ, ಆಮೇಲೆ ತೋಟದಲ್ಲಿ ಸುಮಾರು ಒಂದು ವರ್ಷ. ಕೆಲವೇ ಗ್ರಾಂ ತೂಕದ ಸಸಿ ನಿಮ್ಮ ಗೊಬ್ಬರ, ನಿಮ್ಮ ನೀರು, ಬಿಸಿಲು ತಿಂದು ಗೊನೆ ಬಿಡುವ ಬಾಳೆಯಾಗುತ್ತದೆ. ಹಣ್ಣಿನೊಳಗೆ ಇರುವುದು ಆ ಬಾಳೆ ತಾನೇ ಮಾಡಿಕೊಂಡ ಹಾರ್ಮೋನು, ನಿಮ್ಮ ಅಜ್ಜಿ ನೆಟ್ಟ ಕದಳಿಯಲ್ಲೂ ಇದ್ದದ್ದು. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಬೇರೆಯೇ ವಿಷಯ, ಅದು ಕಾನೂನಿಗೆ ವಿರುದ್ಧ. ಅದನ್ನು ಇದರ ಜೊತೆ ಸೇರಿಸಬೇಡಿ.

ಟಿಶ್ಯೂ ಕಲ್ಚರ್ ಅಂದರೆ ಕುಲಾಂತರಿ ಅಲ್ವಾ ಅಂತ ಮುಂದಿನ ಸಾಲಿನವರು ಕೇಳಿದರು. ಅಲ್ಲ. ಬಾಳೆಯ ಸಸಿಯಲ್ಲಿ ಹೊರಗಿನ ಜೀನ್ ಏನೂ ಸೇರಿಸಿರುವುದಿಲ್ಲ, ಅದು ಕಂದಿನದೇ ನಕಲು. ಕುಲಾಂತರಿ ಮಾಡುವವರು ಜೀನ್ ಸೇರಿಸಿದ ಕೋಶದಿಂದ ಗಿಡ ಪಡೆಯಲು ಇದೇ ವಿಧಾನ ಬಳಸುತ್ತಾರೆ, ಗೊಂದಲ ಬರುವುದು ಅಲ್ಲಿಂದ. ಉಡುಪಿಯವರಿಗೆ ಈ ಪ್ರಶ್ನೆ ಯಾಕೆ ಬರುತ್ತದೆ ಅನ್ನುವುದು ನನಗೆ ಅರ್ಥವಾಗುತ್ತದೆ. ಕುಲಾಂತರಿ ಬಿಟಿ ಬದನೆಯ ಚರ್ಚೆಯಲ್ಲಿ ವಾದಿರಾಜರು ಬೀಜ ಕೊಟ್ಟರೆಂದು ಜನ ನಂಬುವ ನಮ್ಮೂರಿನ ಬದನೆ ಗುಳ್ಳದ ಹೆಸರೂ ಬಂತು, ಇಲ್ಲಿ ವಿರೋಧವೂ ಆಯಿತು, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು. ಆ ಚರ್ಚೆ ಜೀನ್ ಬಗ್ಗೆ. ಬಾಟಲಿಯ ಬಗ್ಗೆ ಅಲ್ಲ.

ಅಡಿಕೆಯವರು ಕಾಯುತ್ತಿದ್ದೀರಿ. ಬಾಳೆಯ ಬುಡದಲ್ಲಿ ಹತ್ತು ಕಂದು, ಅಡಿಕೆಗೆ ಇರುವುದು ಒಂದೇ ತುದಿ. ಆ ತುದಿ ತೆಗೆದರೆ ಮರ ಸತ್ತಿತು. ಹಾಗಾಗಿ ಕಾಸರಗೋಡು ಮತ್ತು ವಿಟ್ಲದ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ, ವಿಜ್ಞಾನಿಗಳು ಹಿಂಗಾರದ ಕಡೆ ನೋಡಿದರು. ಹಾಳೆಯೊಳಗೆ ಇನ್ನೂ ಮುಚ್ಚಿಕೊಂಡಿರುವ ಎಳೆಯ ಹಿಂಗಾರ. ಒಂದು ಹಿಂಗಾರ ತೆಗೆದರೆ ಒಂದು ಗೊನೆಯ ನಷ್ಟ, ಮರಕ್ಕೆ ಏನೂ ಆಗುವುದಿಲ್ಲ. ಅದರ ತುಂಡುಗಳನ್ನು ಪಿಕ್ಲೋರಾಂ ಇರುವ ಮೀಡಿಯಾದಲ್ಲಿ ಇಟ್ಟು ಕ್ಯಾಲಸ್ ಬರಿಸಿದರು. ಪಿಕ್ಲೋರಾಂ ಕೂಡ 2,4-ಡಿಯಂತೆ ಕಳೆನಾಶಕವೂ ಹೌದು, ಆಕ್ಸಿನ್ನೂ ಹೌದು. ಆಮೇಲೆ ಹಾರ್ಮೋನೇ ಇಲ್ಲದ ಮೀಡಿಯಾಕ್ಕೆ ಹಾಕಿದಾಗ ಭ್ರೂಣಗಳು ಮೂಡಿದವು. ಮತ್ತೆ ಅವನ್ನು ಮೊಳೆಸಲು ಸೈಟೋಕೈನಿನ್. ಕೊಡು, ತೆಗೆ, ಬೇರೆಯದನ್ನು ಕೊಡು. ಕ್ರಮ ಅದೇ.

ಇದು ನಮಗೆ ಯಾಕೆ ಬೇಕು ಅಂದರೆ ಎರಡು ಕಾರಣ. ವಿಟ್ಲದ ಗಿಡ್ಡ ಸಂಕರ ತಳಿಗಳ ಬೀಜ ಹಾಕಿದರೆ ಮುಂದಿನ ತಲೆಮಾರು ತಾಯಿಯಂತೆ ಬರುವುದಿಲ್ಲ. ಎರಡನೆಯದು ಹಳದಿ ಎಲೆ ರೋಗ. ಸುಳ್ಯದ ಸಂಪಾಜೆ, ಅರಂತೋಡು ಕಡೆ ತೋಟಕ್ಕೆ ತೋಟವೇ ಹೋಗಿದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ರೋಗ, ಮದ್ದಿಲ್ಲ. ಆದರೆ ಹೋದ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿ ನಿಂತಿದೆ. ಆ ಮರದ ಗುಣವನ್ನು ಹಾಗೆಯೇ ಉಳಿಸಿ ಗಿಡ ಮಾಡುವುದಕ್ಕೆ ಹಿಂಗಾರದ ದಾರಿ ಒಂದೇ. ವಿಜ್ಞಾನಿಗಳು ಅಂಥ ಮರಗಳಿಂದ ಗಿಡ ಮಾಡುವ ಕೆಲಸದಲ್ಲಿದ್ದಾರೆ. ನನಗೆ ಈ ಕೆಲಸದ ಮೇಲೆ ತುಂಬಾ ಭರವಸೆ ಇದೆ.

ಆದರೆ ಅವಸರ ಮಾಡಬೇಡಿ. ಎಣ್ಣೆತಾಳೆಯಲ್ಲಿ ಏನಾಯಿತು ಹೇಳುತ್ತೇನೆ. ಕ್ಯಾಲಸ್ ದಾರಿಯಿಂದ ಬಂದ ಎಣ್ಣೆತಾಳೆ ಗಿಡಗಳನ್ನು ಮಲೇಷ್ಯಾದಲ್ಲಿ ನೆಟ್ಟರು. ಗಿಡ ಚೆನ್ನಾಗಿತ್ತು. ವರ್ಷಗಳ ಮೇಲೆ ಹೂ ಬಿಟ್ಟಾಗ ಒಂದಷ್ಟು ಮರಗಳಲ್ಲಿ ಹಣ್ಣು ವಿಕಾರವಾಗಿ, ಎಣ್ಣೆ ಇಲ್ಲದಂತಾಯಿತು. ಕಾರಣ ಸರಿಯಾಗಿ ಸಿಕ್ಕಿದ್ದು 2015ರಲ್ಲಿ. ಜೀನ್ ಬದಲಾಗಿರಲಿಲ್ಲ, ಜೀನಿನೊಳಗೆ ಕೂತಿದ್ದ ಕರ್ಮ ಎಂಬ ಒಂದು ತುಣುಕಿನ ಮೇಲಿನ ರಾಸಾಯನಿಕ ಗುರುತು ಅಳಿಸಿಹೋಗಿತ್ತು. ಅಡಿಕೆ ಫಸಲು ಕೊಡಲು ನಾಲ್ಕೈದು ವರ್ಷ. ಹಾಗಾಗಿ ಯಾರಾದರೂ ಮನೆ ಬಾಗಿಲಿಗೆ ಬಂದು ಟಿಶ್ಯೂ ಅಡಿಕೆ ಗಿಡ ಇದೆ ಅಂದರೆ, ಇದೇ ತಾಯಿಯ ಗಿಡ ಫಸಲು ಕೊಡುತ್ತಿರುವ ತೋಟ ತೋರಿಸಿ ಅನ್ನಿ. ತೆಂಗು ಇನ್ನೂ ಹಟಮಾರಿ. ಬೇರೆ ಎಲ್ಲ ಗಿಡಕ್ಕೆ ನೀರು ಕೊಟ್ಟು ಎಬ್ಬಿಸಿದ ಮರ ತಾನು ಮಾತ್ರ ದಶಕಗಟ್ಟಲೆ ಬಾಟಲಿಯಲ್ಲಿ ಬಗ್ಗಲಿಲ್ಲ. 2021ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು ತೆಂಗಿನ ಮೊಳಕೆಯ ತುದಿಯನ್ನು ಬಾಳೆಯ ಹಾಗೆ ಕವಲೊಡೆಸಿದ್ದನ್ನು ಪ್ರಕಟಿಸಿದ್ದಾರೆ, ಒಳ್ಳೆಯ ಸುದ್ದಿ.

ಕಾಲೇಜಿನ ಮಕ್ಕಳು ಕೇಳಿದ್ದು, ನಾವು ಯಾವುದರಿಂದ ಶುರು ಮಾಡಬೇಕು ಅಂತ. ಗುಳ್ಳದಿಂದ ಶುರು ಮಾಡಿ. ಬೀಜವನ್ನು ಶುಚಿ ಮಾಡಿ ಹಾರ್ಮೋನಿಲ್ಲದ ಮೀಡಿಯಾದಲ್ಲಿ ಮೊಳೆಸಿ. ಬೀಜದೆಲೆ ಬಿಡಿಸಿಕೊಂಡ ಮೇಲೆ ಅದನ್ನು ಅರ್ಧ ಸೆಂಟಿಮೀಟರ್ ತುಂಡು ಮಾಡಿ ನಾಲ್ಕು ಗುಂಪು ಮಾಡಿ. ಒಂದಕ್ಕೆ ಹಾರ್ಮೋನು ಬೇಡ. ಒಂದಕ್ಕೆ ಬಿಎಪಿ ಮಾತ್ರ, ಲೀಟರಿಗೆ 2 ಮಿಲಿಗ್ರಾಂ. ಒಂದಕ್ಕೆ ಎನ್‌ಎಎ ಮಾತ್ರ, ಅದೊಂದು ಆಕ್ಸಿನ್. ಒಂದಕ್ಕೆ ಎರಡೂ. 25 ಡಿಗ್ರಿ, ದಿನಕ್ಕೆ 16 ಗಂಟೆ ಬೆಳಕು. ಮಳೆಗಾಲದಲ್ಲಿ ಮಾಡುವುದಾದರೆ ಹತ್ತಿಯ ಬಿರಡೆ ಬೇಡ, ನಮ್ಮ ತೇವಕ್ಕೆ ಅದು ಒದ್ದೆಯಾಗಿ ಬೂಷ್ಟು ಒಳಗೆ ಇಳಿಯುತ್ತದೆ. ಪಾಲಿಪ್ರಾಪಿಲೀನ್ ಮುಚ್ಚಳ ಹಾಕಿ. ಕತ್ತರಿಸಿದ ಅಂಚು ಎಲ್ಲಿ ಊದಿತು, ಎಲ್ಲಿ ಬೇರು ಬಂತು, ಎಲ್ಲಿ ಹಸಿರು ಗಂಟು ಬಂತು ಅಂತ ವಾರಕ್ಕೊಮ್ಮೆ ಚಿತ್ರ ತೆಗೆಯಿರಿ. ಚಿಗುರು ಒಂದೂವರೆ ಇಂಚಾದಾಗ ಕತ್ತರಿಸಿ ಹಾರ್ಮೋನಿಲ್ಲದ, ಅರ್ಧ ಶಕ್ತಿಯ ಎಂಎಸ್‌ಗೆ ಹಾಕಿ, ಬದನೆ ಅದರಲ್ಲೇ ಬೇರು ಬಿಡುತ್ತದೆ. ಪ್ರತಿ ಬಾಟಲಿಯ ಮೇಲೆ ತಾರೀಕು, ಹಾರ್ಮೋನಿನ ಹೆಸರು, ಪ್ರಮಾಣ, ಎಷ್ಟನೇ ಸಲ ಬದಲಿಸಿದ್ದು, ನಾಲ್ಕನ್ನೂ ಬರೆಯಿರಿ. ಪೆನ್ಸಿಲಿನಲ್ಲಿ ಬರೆದು ಅಂಟಿಸಿ, ಮಾರ್ಕರ್ ಆದರೆ ಸ್ಪಿರಿಟ್ ತಾಗಿದಾಗ ಅಳಿಸಿಹೋಗುತ್ತದೆ.